ಒಳಗೆ ಮಡಚಿದ ಎರಡಿಂಚು

ಮಾರ್ಚ್ ೧೨, ಮಂಗಳವಾರ

ಅಪ್ಪನಿಗೆ ತಂದ ಅಂಗಿ ದೊಡ್ಡದಾಯಿತು. ಅಂಗಡಿಯಲ್ಲಿ ಸೈಜು ಕೇಳಿದಾಗ ಯೋಚಿಸದೆ ನಲವತ್ತೆರಡು ಅಂದುಬಿಟ್ಟಿದ್ದೆ. ಕಾಯಿಲೆಗೆ ಮುಂಚಿನ ಅಳತೆ ಅದು. ಹಾಕಿಸಿದರೆ ಭುಜದ ಹೊಲಿಗೆ ತೋಳಿಗಿಳಿಯಿತು. ಊರಿಗೆಲ್ಲ ಹೊಲಿದುಕೊಟ್ಟ ಟೈಲರ್ ಅಪ್ಪ ಕಾಲರಿನೊಳಗೆ ಬೆರಳು ತೂರಿಸಿ, "ಅಂಗೀದೇನೂ ತಪ್ಪಿಲ್ಲ ಕಣೇ" ಎಂದು ನಕ್ಕರು.

"ನಾಳೆ ಬದಲಾಯಿಸಿ ತರ್ತೀನಪ್ಪಾ" ಅಂದೆ.

ಟೇಪು ತರಿಸಿಕೊಂಡು ತಾವೇ ಎದೆ ಅಳೆದುಕೊಂಡರು. ಮೂವತ್ತೆಂಟು ಬಂತು.

ಚಿಕ್ಕವಳಿದ್ದಾಗ ನನ್ನ ಪ್ರತಿ ಫ್ರಾಕಿಗೂ, "ಬೆಳೆಯೋ ಹುಡುಗಿ, ಮುಂದಿನ ವರ್ಷಕ್ಕೂ ಆಗ್ಬೇಕಲ್ಲ" ಎಂದು ಎರಡಿಂಚು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದರು.

ಟೇಪು ಸುತ್ತಿಡುತ್ತಾ ಅದೇ ದನಿಯಲ್ಲಿ ಹೇಳಿದರು: "ಮೂವತ್ತಾರು ತಾ. ಮುಂದಿನ ತಿಂಗಳಿಗೂ ಆಗ್ಬೇಕಲ್ಲ."

ನಾನು ಹೂಂ ಅಂದುಬಿಟ್ಟೆ. ಬೇಡ ಅನ್ನಬಹುದಿತ್ತು. ಮೂವತ್ತೆಂಟೇ ಇರಲಿ ಅಪ್ಪಾ ಅಂತ ಒಂದು ಮಾತು...