ಕುಂತು ರೊಟ್ಟಿ ಬಡಿಯೋ ಕಟ್ಟಿ

ಫೆಬ್ರುವರಿ ಹನ್ನೆರಡು, ಗುರುವಾರ, ಸಂಜಿ.

…ಇಲ್ಲೋ ದೋಸ್ತ, ತಪ್ಪಾತು, ಮತ್ತ ಮೊದಲಿಂದ ಹೇಳ್ತೀನಿ ಕೇಳು. ನಗು ಬಂದು ಅರ್ಧಕ್ಕ ನಿಂತೆ. ಗಜೇಂದ್ರಗಡದಾಗಿನ ನಮ್ಮ ಹೊಸ ಫ್ಲ್ಯಾಟಿಗೆ ಇಂಟೀರಿಯರ್ ಮಾಡೋ ಹುಡುಗಿ ಅನಘಾ, ನಿಂತು ಅಡಗಿ ಮಾಡೋ ಹಂಗ ಚಂದನ್ನ ಚಿತ್ರ ಬರದಿದ್ಲು. ನಮ್ಮಾಕಿ ಸುವರ್ಣಾ ನೋಡಿದಾಕಿನ, "ನಿಂತು ರೊಟ್ಟಿ ಬಡ್ಯಾಕ ನಾ ಏನ್ ಖಾನಾವಳಿ ಇಟ್ಟೀನೇನು? ನೀವಿರ್ರಿ ಅಲ್ಲಿ. ನಾ ನಮ್ಮೂರು ಜಕ್ಕಲಿ ಬಿಟ್ಟು ಬರಂಗಿಲ್ಲ" ಅಂದ್ಲು. ತಿಂಗಳಗಟ್ಟಲೆ ಅದ ಮಾತು.

ಪಾಪ, ಅನಘಾ ಕಿಟಕಿ ಕೆಳಗ ಗಿಡ್ಡ ಕಟ್ಟಿ ಕಟ್ಟಿಸಿ, ಗ್ಯಾಸ್ ಒಲಿನೂ ಕೆಳಗ ಇಡಿಸಿ, ಬಡಿಯೋ ಸಪ್ಪಳ ಕೆಳಗಿನ ಮನಿಗೆ ಇಳೀಬಾರದಂತ ಕಲ್ಲಿನ ಅಡಿ ದಪ್ಪನ್ನ ರಬ್ಬರ್ ಹಾಕ್ಸಿದ್ಲು. ಇವತ್ತ ಅದರ ಪರೀಕ್ಷಾ. ಹೆಂಗೋ ಒಪ್ಪಿಸಿ ಸುವರ್ಣಾನ್ನ ಮ್ಯಾಲ ರೊಟ್ಟಿ ಬಡ್ಯಾಕ ಕುಂದ್ರಿಸಿದ್ವಿ. ನಾನು ಕೆಳಗಿನ ಮನಿ ಭೀಮಾಬಾಯಾರ ಅಡಗಿಮನ್ಯಾಗ ಮ್ಯಾಲ ಕಿವಿ ಮಾಡ್ಕೊಂಡು ನಿಂತೆ. ಫೋನಿನ್ಯಾಗ ಮ್ಯಾಲಿಂದ ಅನಘಾ.

"ಕೇಳಸಾಕತ್ತೈತೇನ್ರಿ ಕಾಕಾ?"

"ಏನೂ ಇಲ್ಲವಾ. ಶುರು ಮಾಡಂತ ಹೇಳು."

"ಎರಡು ರೊಟ್ಟಿ ಆಗಿ ಮೂರನೇದು ನಡದೈತ್ರಿ!"

ಭೀಮಾಬಾಯಾರು, "ಸಪ್ಪಳೇನೋ ಬರವಲ್ದು, ವಾಸನಿ ಬರಾಕತ್ತೈತಿ. ಅದನ್ನ ತಡ್ಯಾಕ ಏನ್ ಹಾಕ್ತೀರಿ?" ಅಂದ್ರು.

ಓಡಿ ಮ್ಯಾಲ ಬಂದೆ. ಬಾಗಲಾ ತಗದ್ರ ಮನಿ ತುಂಬ ಆ ಪಟಪಟ ಸಪ್ಪಳ. ಸೋಫಾ ಬಂದಿಲ್ಲ, ಪರದೆ ಬಂದಿಲ್ಲ, ಖಾಲಿ ಗ್ವಾಡಿ. ಆದ್ರೂ ಖರೇ ಹೇಳ್ತೀನಿ, ಇದು ನಮ್ಮ ಮನಿ ಅನಿಸಿದ್ದು ಆವಾಗನ. ಆಕಿ ಮಾತ್ರ ಬರ್ತೀನಿ ಅಂತ ಇನ್ನೂ ಹೂಂ ಅಂದಿಲ್ಲ…

"ರೀ! ಬಿಸಿ ಆರೂದ್ರಾಗ ಭೀಮಾಬಾಯಾರಿಗೆ ರೊಟ್ಟಿ ಕೊಟ್ಟ ಬರ್ರಿ. ಮತ್ತ ನಾಳೆ ಜಕ್ಕಲಿಯಿಂದ ನನ್ನ ಭಾಂಡೆ-ಪಾತ್ರಿ ಎಲ್ಲಾ ತರಸ್ರಿ!"

ಬಂದೆ, ಬಂದೆ! ಫೋನ್ ಇಡ್ತೀನಪಾ…