ವಾಲ್ವ್ ತೆರೆಯೆಂದರೆ ಕಾಫಿ ಸುರಿದ ಬಗ್ಗೆ

ಸರ್ಕಾರಿ ಸಾಧನ ಪರೀಕ್ಷಾ ಪ್ರಯೋಗಾಲಯದ ಮಾನ್ಯ ಮುಖ್ಯಸ್ಥರೇ,

ನನ್ನ ಸೋದರತ್ತೆ ತಯಾರಿಸಿದ, ಆದೇಶ ಬಂದಂತೆ ವಾಲ್ವ್ ತೆರೆದು ಮುಚ್ಚುವ ಕಂಟ್ರೋಲರನ್ನು ತಾವು ಅನುತ್ತೀರ್ಣಗೊಳಿಸಿದ್ದೀರಿ. ಅನುತ್ತೀರ್ಣರಾಗುವುದು ನಮ್ಮ ಮನೆಯಲ್ಲಿ ನನ್ನಿಂದಾಗಿ ರೂಢಿಯಾಗಿರುವ ಸಂಗತಿ, ಅದಕ್ಕೆ ತಕರಾರಿಲ್ಲ. ತಕರಾರು ಇಷ್ಟೇ: ತಾವು ಪರೀಕ್ಷಿಸಿದ್ದು ನಮ್ಮ ಸಾಧನವನ್ನಲ್ಲ, ತಮ್ಮ ಕಾಫಿ ಯಂತ್ರವನ್ನು. ಇದನ್ನು ಎದುರಿಗೆ ನಿಂತು ಹೇಳಿದೆ, ಅರ್ಜಿ ಬರೆದು ಹೇಳಿದೆ, ಫೋನಿನಲ್ಲೂ ಹೇಳಿದೆ. ತಮ್ಮ ಕಿವಿಗೆ ಬೀಳದ್ದರಿಂದ ಈಗ ಪತ್ರಿಕೆಯಲ್ಲಿ, ಊರಿಗೇ ಕೇಳುವಂತೆ ಹೇಳುತ್ತಿದ್ದೇನೆ.

ತಮಗೆ ಗೊತ್ತಿರಬೇಕಾದದ್ದನ್ನು ಊರವರ ಸಲುವಾಗಿ ವಿವರಿಸುತ್ತೇನೆ. ಕಾರ್ಖಾನೆಯ ವಾಲ್ವ್, ಮೋಟಾರು, ತಾಪ ಅಳೆಯುವ ಉಪಕರಣ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ ಮಾತಾಡಿಕೊಳ್ಳುತ್ತವೆ. ಒಂದೊಂದಕ್ಕೂ ಒಂದೊಂದು ವಿಳಾಸ. ತನ್ನ ವಿಳಾಸಕ್ಕೆ ಬಂದ ಆದೇಶವನ್ನು ಮಾತ್ರ ಪಾಲಿಸಬೇಕು. ಆ ವಿಳಾಸದಲ್ಲಿ ಆಗಲೇ ಇನ್ನೊಬ್ಬರು ಸಂಸಾರ ಹೂಡಿದ್ದು ಕಂಡುಬಂದರೆ ಹೊಸದಾಗಿ ಬಂದದ್ದು ಕೆಂಪು ದೀಪ ಮಿಟುಕಿಸುತ್ತ ತೆಪ್ಪಗಿರಬೇಕು. ಈ ಸಭ್ಯತೆಯನ್ನೆಲ್ಲ ಬರೆದಿಟ್ಟ ಮಾನದಂಡವೊಂದಿದೆ. ಸಾಧನವು ಅದರಂತೆ ನಡೆಯುತ್ತದೆಯೇ ಎಂದು ನೋಡಿ ಪ್ರಮಾಣಪತ್ರ ನೀಡುವುದು ತಮ್ಮ ಘನಕಾರ್ಯ. ಆ ಪ್ರಮಾಣಪತ್ರವಿಲ್ಲದೆ ಸಾಬೂನು ಕಾರ್ಖಾನೆಯವರು ನಮ್ಮ ಕಂಟ್ರೋಲರನ್ನು ಗೇಟಿನೊಳಗೂ ಬಿಡುವುದಿಲ್ಲ. ಅದು ಅತ್ತೆಯ ಪುಟ್ಟ ವರ್ಕ್‌ಶಾಪಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್. ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ತೋರಿಸದಿದ್ದರೆ ಬೇರೆಯವರ ಪಾಲು.

ಪರೀಕ್ಷೆಯ ದಿನ ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲೇ ಅದನ್ನು ಬಿಚ್ಚಿಸಿ, ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿ ಒಳಗೆ ಕರೆದರು. ಒಬ್ಬರಿಗೇ ಪ್ರವೇಶವೆಂದು ನನ್ನನ್ನು ಕಾರಿಡಾರಿನಲ್ಲಿ, ಕಾಫಿ ಯಂತ್ರದ ಪಕ್ಕ ಕೂರಿಸಿದರು. ನನ್ನಂಥವಳನ್ನು ಯಾವುದೇ ಯಂತ್ರದ ಪಕ್ಕ ಒಂಟಿಯಾಗಿ ಬಿಡಬಾರದೆಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ದೇವರಾಣೆ, ನಾನು ಕೈಕಟ್ಟಿಕೊಂಡೇ ಕೂತಿದ್ದೆ. ಅರೆತೆರೆದ ಬಾಗಿಲಾಚೆ ಪರೀಕ್ಷಕರು ‘ವಾಲ್ವ್ ತೆರೆಯುವ ಆದೇಶ’ ಎಂದು ಗಟ್ಟಿಯಾಗಿ ಓದಿ ಗುಂಡಿ ಒತ್ತಿದರು. ಮರುಕ್ಷಣ ಯಂತ್ರ ಬುಸ್ಸೆಂದು ಉಸಿರುಬಿಟ್ಟು ತಾನೇ ತಾನಾಗಿ ಕಾಫಿ ಸುರಿಯತೊಡಗಿತು. ಮುಚ್ಚುವ ಆದೇಶ ಓದಿದರು, ನಿಂತಿತು. ಮತ್ತೆ ತೆರೆ ಅಂದರು, ಮತ್ತೆ ಕಾಫಿ. ಹೇಳಿದ ಮಾತನ್ನು ಇಷ್ಟು ಕೇಳುವ ಜೀವ ನಮ್ಮ ವಂಶದಲ್ಲೇ ಹುಟ್ಟಿಲ್ಲ. ಒಳಗೆ ಅತ್ತೆಯ ಕಂಟ್ರೋಲರ್ ಮಾತ್ರ ಕೆಂಪು ದೀಪ ಮಿಟುಕಿಸುತ್ತ, ಮಾನದಂಡ ಹೇಳಿದಂತೆಯೇ ತೆಪ್ಪಗಿತ್ತು. ‘ಆದೇಶ ಪಾಲಿಸುವುದಿಲ್ಲ’ ಎಂದು ಪರೀಕ್ಷಕರು ಬರೆದುಕೊಂಡರು.

ಗುಟ್ಟನ್ನು ತಮ್ಮ ಸಹಾಯಕರೊಬ್ಬರೇ ಪಿಸುಗುಟ್ಟಿದರು. ಸೀಟಿನಿಂದ ಏಳದೆಯೇ ಕಾಫಿ ಕಾದಿದೆಯೇ ಎಂದು ತಿಳಿದು ಅದರ ನಲ್ಲಿಯನ್ನೂ ತೆರೆಯುವ ಆಸೆಯಿಂದ ತಮ್ಮಲ್ಲಿನ ಜಾಣರು ಹಳೆಯ ಕಂಟ್ರೋಲರೊಂದನ್ನು ಯಂತ್ರದ ಬೆನ್ನಿಗೆ ಕಟ್ಟಿ, ಪರೀಕ್ಷೆಯ ನೆಟ್‌ವರ್ಕಿಗೇ ಸಿಕ್ಕಿಸಿದ್ದಾರಂತೆ. ಆಮೇಲೆ ಮರೆತು ಅದೇ ವಿಳಾಸವನ್ನು ನಮ್ಮದಕ್ಕೂ ಕೊಟ್ಟರಂತೆ.

ನಾನು ತಮ್ಮನ್ನು ಕರೆತಂದೆ, ನೆನಪಿರಬೇಕು. ಯಂತ್ರದ ಮುಂದೆ ನಿಲ್ಲಿಸಿ, ಬಲು ವಿನಯದಿಂದ ಕೈಗೆ ಲೋಟ ಕೊಟ್ಟೆ. ಒಳಗಿಂದ ಪರೀಕ್ಷಕರ ಆದೇಶ ಹೊರಟಿತು, ಲೋಟ ತುಂಬಿತು. ಮುಚ್ಚಿ ಎಂದು ಒಳಗೆ ಕೂಗಿ ಹೇಳುವುದು ನನ್ನ ಹೊಣೆಯಾಗಿತ್ತು. ದುರದೃಷ್ಟಕ್ಕೆ ಅದೇ ಗಳಿಗೆಯಲ್ಲಿ ನನಗೆ ಕೆಮ್ಮು ಬಂದದ್ದರಿಂದ ತಮ್ಮ ಅಂಗಿಯ ತೋಳೂ ತೊಯ್ಯಿತು. ಇದಕ್ಕಿಂತ ಬಿಸಿಯಾದ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು? ತೋಳು ಹಿಂಡಿಕೊಳ್ಳುತ್ತ ತಾವು ಅಂದಿರಿ: “ನೋಡಮ್ಮಾ, ಕಾಫಿ ಯಂತ್ರ ಪರೀಕ್ಷೆಗೆ ಬಂದಿಲ್ಲ. ಬರದೇ ಇರೋದ್ರ ಬಗ್ಗೆ ನಾವು ಏನೂ ಹೇಳೋಕಾಗಲ್ಲ.”

ವರದಿಗೆ ಸಹಿಯಾಗಿದೆ ಎಂದೂ, ದೋಷವೇನಿತ್ತು, ಹೇಗೆ ಸರಿಪಡಿಸಿದಿರಿ ಎಂದು ಬರೆದುಕೊಟ್ಟರೆ ಮಾತ್ರ ಮರುಪರೀಕ್ಷೆ ಎಂದೂ ಅಪ್ಪಣೆಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತೆಗೆ ಉಪಾಯ ಹೇಳಿದೆ. ಸ್ಕ್ರೂ ಸಡಿಲವಿತ್ತು, ಬಿಗಿ ಮಾಡಿದೆವು ಎಂದು ಬರೆದು ಕೈತೊಳೆದುಕೊಳ್ಳಿ ಎಂದೆ.

“ಸುಮ್ನಿರೇ,” ಅಂದರು. “ನಾಳೆ ಸೋಪಿನ ಕಾರ್ಖಾನೆಯವ್ರು ಯಾವ ಸ್ಕ್ರೂ ಅಂತ ಕೇಳಿದ್ರೆ ನಿನ್ನ ತೋರಿಸ್ಲಾ?” ಆಮೇಲೆ ಮೆಲ್ಲಗೆ ಹೇಳಿದರು: “ಅದು ಸರಿಯಾಗೇ ನಡ್ಕೊಂಡಿದೆ ಕಣೇ. ನಾನ್ಯಾಕೆ ಅದಕ್ಕೆ ಕೆಟ್ಟ ಹೆಸರು ತರ್ಲಿ?”

ಅಂದಿನಿಂದ ಅವರು ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗಿ, ಸಾಬೂನು ಕಾರ್ಖಾನೆಗೆಂದು ಜೋಡಿಸಿಟ್ಟ ಪೆಟ್ಟಿಗೆಗಳ ಧೂಳು ಒರೆಸಿ ಬರುತ್ತಾರೆ. ನನ್ನ ಯಾವ ಚೇಷ್ಟೆಗೂ ನಗುತ್ತಿಲ್ಲ. ಮಾನ್ಯರೇ, ನಿಯಮ ಪಾಲಿಸಿ ಸುಮ್ಮನಿದ್ದದ್ದು ಅನುತ್ತೀರ್ಣ, ಇನ್ನೊಬ್ಬರ ಪ್ರಶ್ನೆಗೆ ನಡುವೆ ಬಾಯಿ ಹಾಕಿದ್ದು ಈಗಲೂ ಸರ್ಕಾರಿ ಸೇವೆಯಲ್ಲಿ; ಇದು ಯಾವ ಮಾನದಂಡದ ಎಷ್ಟನೆಯ ಪುಟ?

ನಾನು ಕೇಳುವುದು ದಯೆಯನ್ನಲ್ಲ, ಒಂದು ಬೆಳಗನ್ನು. ಯಂತ್ರದ ಬೆನ್ನಿನ ತಂತಿ ಕಿತ್ತು, ನಮ್ಮ ಕಂಟ್ರೋಲರನ್ನು ಮತ್ತೆ ಪರೀಕ್ಷಿಸಿ. ಆಗಲೂ ತಪ್ಪಿದರೆ ಅತ್ತೆ ಮರುಮಾತಾಡದೆ ಹೊತ್ತು ತರುತ್ತಾರೆ. ಸರಿಪಡಿಸಿದ ಹೇಳಿಕೆ ಬೇಕೇ ಬೇಕೆಂದಾದರೆ ತಾವೇ ಬರೆದು ಸಹಿ ಹಾಕಿಕೊಳ್ಳಿ, ಸರಿಪಡಿಸಬೇಕಾದದ್ದು ತಮ್ಮ ಕಡೆಯೇ ಇದೆ. ಪರೀಕ್ಷೆ ನಡೆಯುವಷ್ಟು ಹೊತ್ತು ನಾನು ತಮ್ಮ ಕಟ್ಟಡದಿಂದ ತಾವು ಹೇಳಿದಷ್ಟು ದೂರದಲ್ಲಿ ನಿಂತಿರುತ್ತೇನೆ. ಅತ್ತೆಯೊಬ್ಬರನ್ನು ಒಳಗೆ ಬಿಟ್ಟರೆ ಸಾಕು.

ಇಂತಿ,
ಅತ್ತೆಗೆ ತಿಳಿಸದೆ ಇದನ್ನು ಅಚ್ಚಿಗೆ ಕಳಿಸಿ, ಪತ್ರಿಕೆ ಮನೆಗೆ ಬರುವ ಮುನ್ನ ಅಡಗಲು ಜಾಗ ಹುಡುಕುತ್ತಿರುವ
ಅವರ ಸೋದರ ಸೊಸೆ