ಸೊಳ್ಳೆಯಲ್ಲ

ಹುಣಸೂರು, ೧೨-೩-೨೦೦೪

ಸಾಲಿಗ್ರಾಮದ ಸಣ್ಣತಾಯಮ್ಮನವರಿಗೆ ಮಾದೇವಮ್ಮನ ನಮಸ್ಕಾರಗಳು.

ನಮ್ಮ ಶಾಂತಲಾಳನ್ನು ನಿಮ್ಮ ಮಗನಿಗೆ ಕೇಳಲು ಬಂದವರು ಬಸ್ಸು ತಪ್ಪಿ ಇಲ್ಲೇ ಉಳಿದಿರಿ. ಬೆಳಿಗ್ಗೆ ತೋಳು ಕೆರೆದುಕೊಳ್ಳುತ್ತ, “ಏನ್ರಮ್ಮ ಇದು, ಸೊಳ್ಳೆಯಾ?” ಅಂದಿರಿ. “ಊಂ, ಸೊಳ್ಳೆ ಕಣ್ರೀ” ಅಂದೆ. ದೇವರ ದೀಪ ಹಚ್ಚಿ ಎದ್ದವಳ ಬಾಯಲ್ಲೇ ಸುಳ್ಳು ಬಂತು.

ಅದು ತಿಗಣೆ. ಹತ್ತು ವರ್ಷ ಕಾಣದಿದ್ದದ್ದು ಈಗ ವಠಾರದ ಎಂಟು ಮನೆಗೂ ಮತ್ತೆ ಬಂದಿದೆ.

ನಾನು ಮಡಿಲಕ್ಕಿ ಹಾಕಿಕೊಟ್ಟ ಚೀಲ ನೀವು ಮಲಗಿದ್ದ ಮಂಚದ ಕೆಳಗೇ ಇತ್ತು. ಅದನ್ನು ಒಳಗಿಟ್ಟಿದ್ದರೆ ಹೊರಗೆ ತಂದು ಬಿಸಿಲಿಗೆ ಹಾಕಿ. ಉಟ್ಟಿದ್ದ ಸೀರೆಯನ್ನು ಬಿಸಿನೀರಿನಲ್ಲಿ ನೆನೆಸಿ.

ಈ ಸಂಬಂಧ ಬೇಡವೆನಿಸಿದರೆ ಒಂದು ಕಾರ್ಡು ಬರೆದು ತಿಳಿಸಿ, ಬೇಸರವಿಲ್ಲ. ಸುಳ್ಳು ಹೇಳಿದವಳು ನಾನು. ಈ ಕಾಗದ ಬರೆಯಲೇಬೇಕೆಂದು ಪೆನ್ನು ತಂದುಕೊಟ್ಟವಳು ಶಾಂತಲಾ.

ಇಂತಿ,
ಮಾದೇವಮ್ಮ